ರೋಮಾಪುರಿಯ ಮಹಾಗುಮ್ಮಟವೂ ಅದರ ಪರೀಕ್ಷಕರೂ

ಕ್ರಿ.ಶ. 1740ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಆರು ತಿಂಗಳ ಪರ್ಯಂತ ನಡೆದ ಚುನಾವಣೆಯ ತರುವಾಯ, ಬೊಲೋನ್ಯಾ ನಗರದ ಧರ್ಮಾಧ್ಯಕ್ಷರಾಗಿದ್ದ ಪ್ರಾಸ್ಪೆರೋ ಲ್ಯಾಂಬರ್ಟೀನಿ ಎಂಬವರು ಹದಿನಾಲ್ಕನೆಯ ಬೆನೆಡಿಕ್ಟ್ ಎಂಬ ಅಭಿಧಾನವನ್ನು ಧರಿಸಿ ರೋಮಾಪುರಿಯ ಗುರುಪೀಠವನ್ನೇರಿದರು. ಆಗ ಅವರಿಗೆ ಅರವತ್ತೈದು ವರ್ಷ ವಯಸ್ಸು. ಧರ್ಮಶಾಸ್ತ್ರದಲ್ಲಿ ಪಾರಂಗತರು, ಮಾತಿನಲ್ಲಿ ವಿನೋದಿಗಳು, ವಿದ್ಯೆ ಎಲ್ಲಿದ್ದರೂ ಅದನ್ನು ಕರೆದು ಮನ್ನಿಸುವ ಸ್ವಭಾವದವರು. ಸ್ತ್ರೀಯರಿಗೆ ಪಾಠಶಾಲೆಯ ಬಾಗಿಲೇ ತೆರೆಯದ ಆ ಕಾಲದಲ್ಲಿ ಮರಿಯಾ ಆನ್ಯೇಸಿ ಎಂಬ ವಿದುಷಿಯನ್ನು 1750ರಲ್ಲಿ ಬೊಲೋನ್ಯಾ ವಿಶ್ವವಿದ್ಯಾಲಯದ ಗಣಿತಪೀಠಕ್ಕೆ ನಿಯಮಿಸಿದವರು ಇವರೇ. ಇಂಥವರಿಗೆ ಪೀಠದೊಡನೆ ಒಂದು ದೊಡ್ಡ ಚಿಂತೆಯೂ ಒದಗಿಬಂದಿತು. ಕ್ರೈಸ್ತ ಜಗತ್ತಿನಲ್ಲಿಯೇ ಅತಿ ವಿಶಾಲವೆಂದು ಹೆಸರಾದ ಸಂತ ಪೀಟರನ ದೇವಾಲಯದ ಗುಮ್ಮಟವು ಬಿರುಕುಬಿಟ್ಟಿದ್ದಿತು. ಬಿರುಕುಗಳು ಬೆಳೆಯುತ್ತಿವೆಯೆಂದೂ, ಇಂದೋ ನಾಳೆಯೋ ಗುಮ್ಮಟವು ಪೂಜಾವೇದಿಕೆಯ ಮೇಲೆಯೇ ಕುಸಿಯುವದೆಂದೂ ಪಟ್ಟಣದಲ್ಲಿ ಪುಕಾರು ಹಬ್ಬಿದ್ದಿತು. ದೇಶದೇಶಗಳಿಂದ ಬಂದ ಯಾತ್ರಿಕರು ಸಹಸ್ರ ಸಂಖ್ಯೆಯಲ್ಲಿ ಅದರ ಕೆಳಗೆ ನಿಂತು ಪ್ರಾರ್ಥಿಸುತ್ತಿದ್ದ ಕಾರಣ ಇದು ಕೇವಲ ಕಲ್ಲುಸುಣ್ಣದ ಪ್ರಶ್ನೆಯಾಗಿರಲಿಲ್ಲ.

ಇಂದು ಒಂದು ಮಠವಾಗಲಿ, ಪಾಠಶಾಲೆಯಾಗಲಿ, ಪ್ರಸಾದನಿಲಯವಾಗಲಿ ದೊಡ್ಡದೊಂದು ಕಟ್ಟಡವನ್ನು ಎತ್ತಲು ಹೊರಟರೆ ಮೂರು ತರದ ಜನರು ಕೂಡಬೇಕಾಗುತ್ತದೆ. ಕಟ್ಟಡದ ರೂಪವನ್ನು ಬರೆದುಕೊಡುವ ವಾಸ್ತುಶಿಲ್ಪಿ ಒಬ್ಬ. ಆಳುಕಾಳು ಸಾಮಾನುಗಳನ್ನು ಕೂಡಿಸಿ ಅದನ್ನು ಕಟ್ಟಿಸುವ ಗುತ್ತಿಗೆದಾರ ಇನ್ನೊಬ್ಬ. ಈ ಗೋಡೆಯು ಈ ಭಾರವನ್ನು ಹೊರಬಲ್ಲುದೋ ಇಲ್ಲವೋ ಎಂಬದನ್ನು ಲೆಕ್ಕದಿಂದ ನಿರ್ಣಯಿಸಿ ಹೇಳುವ ಸ್ಟ್ರಕ್ಚರಲ್ ಎಂಜಿನಿಯರ್ ಮತ್ತೊಬ್ಬ. ಭಕ್ತರ ಕಣ್ಣಿಗೆ ಬೀಳುವವರು ಮೊದಲಿನ ಇಬ್ಬರೇ. ಮೂರನೆಯವನು ಮಾಡಿದ ಕೆಲಸವು ಗೋಡೆಯೊಳಗೆ ಅಡಗಿಹೋಗುತ್ತದೆ. ಅದು ತಪ್ಪಿದ ದಿನ ಮಾತ್ರ ಅವನ ಹೆಸರು ಕೇಳಿಬರುತ್ತದೆ. ಹೀಗೆ ಕಟ್ಟಡದ ಬಲಾಬಲವನ್ನು ಗಣಿತದಿಂದ ತೂಗಿ ನೋಡುವ ವೃತ್ತಿಯೇ 1742ರಲ್ಲಿ ಲೋಕದಲ್ಲಿ ಹುಟ್ಟಿರಲಿಲ್ಲ. ಬೆನೆಡಿಕ್ಟ್ ಪೋಪರು ಆರಿಸಬೇಕಾಗಿದ್ದುದು ಇನ್ನೂ ಇಲ್ಲದ ಒಂದು ವೃತ್ತಿಯ ಮನುಷ್ಯನನ್ನು. ಅವರು ಆರಿಸಿದ ಬಗೆಯೇ ಈ ಲೇಖನದ ವಿಷಯ.

ಮೊದಲು ಗುಮ್ಮಟದ ಪೂರ್ವವೃತ್ತಾಂತವನ್ನು ಅರಿಯುವದು ಅವಶ್ಯ. ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ ಕಟ್ಟಿದ ಹಳೆಯ ದೇವಾಲಯವು ಜೀರ್ಣವಾಗಲಾಗಿ, 1506ರಲ್ಲಿ ಎರಡನೆಯ ಜೂಲಿಯಸ್ ಪೋಪರು ಬ್ರಮಾಂಟೆ ಎಂಬ ಶಿಲ್ಪಿಯ ಕೈಯಿಂದ ಹೊಸ ದೇವಾಲಯಕ್ಕೆ ಅಡಿಗಲ್ಲು ಹಾಕಿಸಿದರು. ಕೆಲಸವು ಶತಮಾನಕ್ಕೂ ಮಿಕ್ಕಿ ನಡೆಯಿತು. ಶಿಲ್ಪಿಗಳು ಬದಲಾದರು, ನಕಾಶೆಗಳು ಬದಲಾದವು. 1547ರ ಸುಮಾರಿಗೆ ಎಪ್ಪತ್ತು ದಾಟಿದ ಮೈಕೆಲೇಂಜೆಲೋ ಈ ಭಾರವನ್ನು ಹೊತ್ತು, ವೇತನವನ್ನು ಸ್ವೀಕರಿಸದೆ ದೈವಸೇವೆಯೆಂದು ಕೊನೆಯುಸಿರಿನ ವರೆಗೆ ದುಡಿದನು. 1564ರಲ್ಲಿ ಆತನು ತೀರಿಕೊಂಡಾಗ ಗುಮ್ಮಟವನ್ನು ಹೊರಬೇಕಾದ ಕಿಟಕಿಗಳುಳ್ಳ ದುಂಡುಗೋಡೆಯು ಮಾತ್ರ ಬಹುಮಟ್ಟಿಗೆ ಮುಗಿದಿದ್ದಿತು. ಗುಮ್ಮಟದ ಕಟ್ಟಿಗೆಯ ಮಾದರಿಯೊಂದನ್ನು ಆತನು ಮಾಡಿಸಿಟ್ಟಿದ್ದನು. ಇಪ್ಪತ್ತನಾಲ್ಕು ವರ್ಷಗಳ ತರುವಾಯ, ಐದನೆಯ ಸಿಕ್ಸ್ಟಸ್ ಪೋಪರ ಆತುರದ ಆಜ್ಞೆಯಂತೆ, ಜಾಕೊಮೋ ದೆಲ್ಲಾ ಪೋರ್ತಾ ಮತ್ತು ದೊಮೆನಿಕೋ ಫೊಂತಾನಾ ಎಂಬವರು 1588ರಿಂದ 1590ರ ವರೆಗೆ, ಎರಡು ವರ್ಷಗಳೂ ತುಂಬದ ಅವಧಿಯಲ್ಲಿ, ಗುಮ್ಮಟವನ್ನು ಎತ್ತಿ ನಿಲ್ಲಿಸಿದರು. ಮಾದರಿಯಲ್ಲಿದ್ದ ಅರ್ಧಗೋಳಕ್ಕಿಂತ ದೆಲ್ಲಾ ಪೋರ್ತಾ ಅದನ್ನು ತುಸು ಎತ್ತರಿಸಿ ಚೂಪುಮಾಡಿದನು. ಇದರಿಂದ ಅಂದವೂ ಹೆಚ್ಚಿತು, ಪಾರ್ಶ್ವದ ನೂಕೂ ಕಡಮೆಯಾಯಿತು.

ಈ ನೂಕು ಎಂಬುದೇ ಮುಂದಿನ ಕಥೆಗೆಲ್ಲ ಮೂಲವಾದುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೆಟ್ಟಗೆ ನಿಂತ ಕಂಬವು ತನ್ನ ಭಾರವನ್ನು ಕೆಳಕ್ಕೆ ಮಾತ್ರ ಇಳಿಸುತ್ತದೆ. ಕಮಾನು ಹಾಗಲ್ಲ, ಭಾರವನ್ನು ಕೆಳಕ್ಕೂ ಇಳಿಸಿ, ತನ್ನ ಎರಡು ಕಾಲುಗಳನ್ನು ಹೊರಕ್ಕೂ ದೂಡುತ್ತದೆ. ಗುಮ್ಮಟವೆಂದರೆ ಸುತ್ತಲೂ ತಿರುಗಿಸಿದ ಕಮಾನು. ಆದ್ದರಿಂದ ಅದರ ಬುಡವು ಎಲ್ಲ ದಿಕ್ಕುಗಳಿಗೂ ಅಗಲಲು ಹವಣಿಸುತ್ತದೆ. ಬಂಡಿಯ ಗಾಲಿಗೆ ಕಮ್ಮಾರನು ಕಾಯಿಸಿ ತೊಡಿಸುವ ಕಬ್ಬಿಣದ ಪಟ್ಟಿಯು ಮರದ ತುಂಡುಗಳು ಕದಲದಂತೆ ಬಿಗಿಹಿಡಿಯುವಂತೆ ಇದನ್ನೂ ಬಿಗಿಹಿಡಿಯಬೇಕಾಗುತ್ತದೆ. ಇಲ್ಲವಾದರೆ ಬುಡದ ಗೋಡೆಯು ಆ ನೂಕನ್ನು ತಾಳುವಷ್ಟು ದಪ್ಪವಾಗಿರಬೇಕು. ವಿಜಾಪುರದ ಗೋಳಗುಮ್ಮಟವನ್ನು ಕಂಡವರಿಗೆ ಈ ಎರಡನೆಯ ಕ್ರಮವು ಪರಿಚಿತ. 1656ರಲ್ಲಿ ಮುಗಿದ ಆ ಗುಮ್ಮಟದ ಒಳವ್ಯಾಸವು ಸುಮಾರು 125 ಅಡಿ. ಚೌಕಾಕಾರದ ದಪ್ಪ ಗೋಡೆಗಳೂ, ಒಂದರೊಳಗೊಂದು ಹೆಣೆದುಕೊಂಡ ಕಮಾನುಗಳೂ ಅದರ ನೂಕನ್ನು ತಡೆದು ನಿಲ್ಲಿಸಿವೆ. ರೋಮಿನ ಗುಮ್ಮಟದ ಒಳವ್ಯಾಸವು ಸುಮಾರು 138 ಅಡಿ. ಆದರೆ ಅದು ನಿಂತಿರುವದು ಹದಿನಾರು ಕಿಟಕಿಗಳನ್ನು ಕೊರೆದ ಎತ್ತರವಾದ ದುಂಡುಗೋಡೆಯ ಮೇಲೆ. ಅದರ ಶಿಖರದಲ್ಲಿ ಕಲ್ಲಿನ ದೊಡ್ಡದೊಂದು ದೀಪಗೋಪುರ. ಅದರ ಮೇಲಿನ ಶಿಲುಬೆಯ ತುದಿಯು ನೆಲದಿಂದ ಸುಮಾರು 448 ಅಡಿ ಎತ್ತರದಲ್ಲಿದೆ. ಈ ಭಾರವನ್ನೆಲ್ಲ ತಾಳಿಕೊಳ್ಳಲು ಕಟ್ಟಿದವರು ಇಟ್ಟಿದ್ದುದು ದುಂಡುಗೋಡೆಯ ಸುತ್ತಲೂ ಹದಿನಾರು ಒತ್ತುಗಂಬಗಳು, ಗುಮ್ಮಟದ ಮೈಯಲ್ಲಿ ಎರಡು ಕಬ್ಬಿಣದ ಬಳೆಗಳು, ಇಷ್ಟೇ.

ಬಿರುಕುಗಳು ಬೆನೆಡಿಕ್ಟ್ ಪೋಪರ ಕಾಲಕ್ಕೆ ಹೊಸವಲ್ಲ. ಹದಿನೇಳನೆಯ ಶತಮಾನದಲ್ಲಿಯೇ ಅವು ಕಂಡಿದ್ದವು. ಕಂಡೊಡನೆ, ಎಲ್ಲಿಯೂ ನಡೆಯುವಂತೆ, ಯಾರ ಮೇಲೆ ತಪ್ಪು ಹೊರಿಸಬೇಕೆಂಬ ಚರ್ಚೆಯು ಮೊದಲಾಯಿತು. ಪ್ರಸಿದ್ಧ ಶಿಲ್ಪಿಯಾದ ಬೆರ್ನಿನಿಯು ಗುಮ್ಮಟವನ್ನು ಹೊತ್ತ ನಾಲ್ಕು ಮಹಾಸ್ತಂಭಗಳಲ್ಲಿ ಪ್ರತಿಮೆಗಳಿಗಾಗಿ ಗೂಡುಗಳನ್ನು ಮಾಡಿಸಿದ್ದನು. ಇದರಿಂದಲೇ ಸ್ತಂಭಗಳು ಬಲಗುಂದಿ ಗುಮ್ಮಟ ಬಿರಿಯಿತೆಂದು ಆತನ ವೈರಿಗಳು ಸಾರಿದರು. ವೈರಿಗಳ ಮಾತಿಗೆ ಬೆಲೆ ಬರಲು ಒಂದು ಕಾರಣವೂ ಇದ್ದಿತು. ಅದೇ ದೇವಾಲಯದ ಮುಂಭಾಗದ ತುದಿಯಲ್ಲಿ ಬೆರ್ನಿನಿಯು 1637ರಿಂದ 1641ರ ವರೆಗೆ ಎತ್ತರವಾದ ಘಂಟಾಗೋಪುರವೊಂದನ್ನು ಕಟ್ಟಿಸಿದನು. ತಳದ ನೆಲವು ಅದರ ಭಾರಕ್ಕೆ ತಕ್ಕಷ್ಟು ಗಟ್ಟಿಯಾಗಿರಲಿಲ್ಲ. ಕೆಳಗಿನ ಗೋಡೆಗಳು ಬಿರಿದವು. ಕೊನೆಗೆ 1646ರಲ್ಲಿ ಕಟ್ಟಿದ ಗೋಪುರವನ್ನು ಕಲ್ಲುಕಲ್ಲಾಗಿ ಇಳಿಸಬೇಕಾಯಿತು. ಲೋಕೈಕಶಿಲ್ಪಿಯೆಂದು ಹೆಸರಾದವನ ಕೈಯಲ್ಲಿಯೂ ನೆಲದ ಪರೀಕ್ಷೆ ತಪ್ಪಬಹುದೆಂಬದನ್ನು ಈ ದೇವಾಲಯವು ತನ್ನ ಹಣವನ್ನು ಕಳೆದು ಕಲಿತಿದ್ದಿತು. ಬೆರ್ನಿನಿಯ ಚರಿತ್ರೆಯನ್ನು 1682ರಲ್ಲಿ ಬರೆದ ಬಾಲ್ದಿನೂಚ್ಚಿಯು ಗುಮ್ಮಟದ ವಿಷಯದಲ್ಲಿ ಆತನು ನಿರ್ದೋಷಿಯೆಂದು ವಾದಿಸಿದನು. 1694ರಲ್ಲಿ ಕಾರ್ಲೋ ಫೊಂತಾನಾ ಎಂಬ ವಾಸ್ತುಶಿಲ್ಪಿಯೂ ಹಾಗೆಯೇ ಬರೆದನು. ಗ್ರಂಥಗಳು ಹೊರಟವು, ಬಿರುಕುಗಳು ಇದ್ದಲ್ಲಿಯೇ ಇದ್ದವು.

ಹೀಗಿರಲು 1742ರಲ್ಲಿ ಬೆನೆಡಿಕ್ಟ್ ಪೋಪರು ವಿಷಯವನ್ನು ಕೈಗೆ ತೆಗೆದುಕೊಂಡರು. ದೇವಾಲಯದ ಕಟ್ಟಡದ ಆಡಳಿತಕ್ಕೆ ಪ್ರತ್ಯೇಕವಾದ ಮಂಡಳಿಯಿದ್ದಿತು. ಲುಯಿಜಿ ವಾನ್‌ವಿತೆಲ್ಲಿ ಎಂಬ ಸಮರ್ಥ ವಾಸ್ತುಶಿಲ್ಪಿಯು ಅದರ ಸೇವೆಯಲ್ಲಿದ್ದನು. ಆತನು ಮೇಲೆ ಹತ್ತಿ ಬಿರುಕುಗಳನ್ನು ಅಳೆದು, ನಕಾಶೆಗಳಲ್ಲಿ ಗುರುತಿಸಿದನು. ಇಷ್ಟಕ್ಕೇ ತೃಪ್ತಿಪಟ್ಟು ಆತನ ಅಭಿಪ್ರಾಯದಂತೆ ನಾಲ್ಕು ಕಡೆ ಗಾರೆ ಮೆತ್ತಿಸಿ ಕೈತೊಳೆದುಕೊಂಡಿದ್ದರೆ ಪೋಪರನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಅಳತೆಯು ರೋಗದ ಲಕ್ಷಣವನ್ನು ಹೇಳೀತೇ ಹೊರತು ರೋಗದ ಕಾರಣವನ್ನು ಹೇಳಲಾರದು. ಕಾರಣವನ್ನು ತಿಳಿಯುವದಕ್ಕಾಗಿ ಅವರು ಆ ವರೆಗೆ ಯಾರೂ ಮಾಡದ ಕೆಲಸವೊಂದನ್ನು ಮಾಡಿದರು. ಕಲ್ಲು ಮುಟ್ಟಿ ಕಟ್ಟಡ ಕಟ್ಟಿ ಅರಿಯದ ಮೂವರು ಗಣಿತಜ್ಞರನ್ನು ಕರೆಯಿಸಿ, ಗುಮ್ಮಟವನ್ನು ಪರೀಕ್ಷಿಸಿರೆಂದು ಅಪ್ಪಣೆಮಾಡಿದರು.

ಮೂವರೂ ಸಂನ್ಯಾಸಿಗಳು. ತೋಮಾ ಲೆ ಸ್ಯೋರ್ ಮತ್ತು ಫ್ರಾಂಸ್ವಾ ಜಾಕಿಯೇ ಎಂಬವರು ಫ್ರಾನ್ಸ್ ದೇಶದವರು. ಮಾಂಸವನ್ನು ಮಾತ್ರವಲ್ಲದೆ ಮೊಟ್ಟೆ ಹಾಲುಗಳನ್ನು ಕೂಡ ಜೀವಮಾನಪರ್ಯಂತ ತ್ಯಜಿಸುವ ವ್ರತವುಳ್ಳ ಮಿನಿಮ್ ಎಂಬ ಕಠಿಣ ಪಂಥಕ್ಕೆ ಸೇರಿದವರು. ಈ ಇಬ್ಬರು ವಿರಕ್ತರು ರೋಮಿನ ತಮ್ಮ ಆಶ್ರಮದಲ್ಲಿ ಕುಳಿತು ನ್ಯೂಟನ್ ಪಂಡಿತನ ಮಹಾಗ್ರಂಥವಾದ 'ಪ್ರಿನ್ಸಿಪಿಯಾ'ಕ್ಕೆ ಸವಿಸ್ತಾರವಾದ ಟೀಕೆಯನ್ನು ಬರೆದು 1739ರಿಂದ 1742ರ ಅವಧಿಯಲ್ಲಿ ಪ್ರಕಟಿಸಿದ್ದರು. ಮೂರನೆಯವರು ರುಜ್ಜೆರೋ ಬೋಸ್ಕೊವಿಚ್. ಏಡ್ರಿಯಾಟಿಕ್ ಸಮುದ್ರತೀರದ ರಗೂಸಾ ಪಟ್ಟಣದಲ್ಲಿ 1711ರಲ್ಲಿ ಹುಟ್ಟಿ, ಜೆಸುಯಿಟ್ ಪಂಥವನ್ನು ಸೇರಿ, ರೋಮಿನ ವಿದ್ಯಾಪೀಠದಲ್ಲಿ ಗಣಿತವನ್ನು ಬೋಧಿಸುತ್ತಿದ್ದವರು. ಮುಂದೆ ಯುರೋಪಿನ ಅಗ್ರಗಣ್ಯ ವಿಜ್ಞಾನಿಗಳಲ್ಲಿ ಒಬ್ಬರೆನಿಸಿದ ಇವರಿಗೆ ಆಗ ಮೂವತ್ತೊಂದು ವರ್ಷ.

ಇವರು ಮಾಡಿದ ಕಾರ್ಯದ ಮಹತ್ವವನ್ನು ಇಂದಿನ ವಿದ್ವಾಂಸರು ಒಕ್ಕೊರಲಿನಿಂದ ಒಪ್ಪುತ್ತಾರೆ. ಆ ವರೆಗೆ ಕಟ್ಟಡದ ದಪ್ಪತೆಳುವುಗಳನ್ನು ನಿರ್ಣಯಿಸುತ್ತಿದ್ದುದು ಪ್ರಮಾಣಸೂತ್ರಗಳಿಂದ: ಇಷ್ಟು ಅಗಲದ ಕಮಾನಿಗೆ ಇಷ್ಟು ದಪ್ಪದ ಗೋಡೆ ಎಂಬ, ತಂದೆಯಿಂದ ಮಗನಿಗೆ ಬಂದ ವಾಡಿಕೆಯಿಂದ. ಈ ಮೂವರು ವಾಡಿಕೆಯನ್ನು ಬಿಟ್ಟು ಕಾರಣಕ್ಕೆ ಕೈಹಾಕಿದರು. ಬಿರುಕುಗಳನ್ನು ಒಂದೊಂದಾಗಿ ನೋಡಿ, ಗುಮ್ಮಟವು ಯಾವ ರೀತಿಯಿಂದ ಚಲಿಸಿದ್ದರೆ ಇಂಥ ಬಿರುಕುಗಳು ಹುಟ್ಟಬೇಕೆಂದು ಊಹಿಸಿದರು. ಅಡಿಪಾಯದ ಕುಸಿತವು ಕಾರಣವಲ್ಲವೆಂದು ಮೊದಲು ಬದಿಗಿರಿಸಿದರು. ಶಿಖರದ ದೀಪಗೋಪುರದ ಭಾರದಿಂದ ಗುಮ್ಮಟದ ನೆತ್ತಿಯು ಕೆಳಗಿಳಿದಿದೆ. ಅದರ ಬುಡವು ಹೊರಕ್ಕೆ ಸರಿದಿದೆ. ಆ ನೂಕಿಗೆ ದುಂಡುಗೋಡೆಯೂ ಒತ್ತುಗಂಬಗಳೂ ಹೊರಕ್ಕೆ ವಾಲಿವೆ ಎಂಬುದು ಅವರ ನಿರ್ಣಯ. ತರುವಾಯ ತಕ್ಕಡಿಯ ನ್ಯಾಯವನ್ನು ಪ್ರಯೋಗಿಸಿದರು. ನೆತ್ತಿಯು ಇಷ್ಟು ಇಳಿದರೆ ಬುಡವು ಎಷ್ಟು ಸರಿಯುವದು, ಇಳಿಯುವ ಭಾರದ ಬಲವೆಷ್ಟು, ಅದನ್ನು ತಡೆಯುವ ಗೋಡೆ, ಒತ್ತುಗಂಬ, ಹಳೆಯ ಬಳೆಗಳ ಬಲವೆಷ್ಟು ಎಂದು ಒಂದು ತಟ್ಟೆಯಲ್ಲಿ ನೂಕನ್ನೂ ಮತ್ತೊಂದರಲ್ಲಿ ತಡೆಯನ್ನೂ ಇಟ್ಟು ತೂಗಿದರು. ತಡೆಯ ತಟ್ಟೆಯಲ್ಲಿ ಮೂವತ್ತೆರಡು ಲಕ್ಷ ರೋಮನ್ ಪೌಂಡುಗಳಿಗಿಂತ ಹೆಚ್ಚಿನ ಕೊರತೆ ಕಂಡಿತು. ಹೊಸ ಕಬ್ಬಿಣದ ಬಳೆಗಳನ್ನು ತೊಡಿಸಬೇಕು, ಒತ್ತುಗಂಬಗಳನ್ನು ಬಲಪಡಿಸಬೇಕು ಎಂದು ಅವರು 1742ರ ವರದಿಯಲ್ಲಿ ಸೂಚಿಸಿದರು.

ಪೋಪರು ಈ ವರದಿಯನ್ನು ಗೋಪ್ಯವಾಗಿಡಲಿಲ್ಲ. ಅದು ಅಚ್ಚಾಗಿ ಎಲ್ಲರ ಕೈಗೂ ಹೋಯಿತು. ಜನರು ಗಾಬರಿಯಾಗುವರೆಂಬ ನೆವದಿಂದ ಇಂಥ ಕಾಗದಗಳನ್ನು ಪೆಟ್ಟಿಗೆಯಲ್ಲಿ ಬೀಗಹಾಕಿಡುವದು ಆಡಳಿತಗಾರರ ಸಾಮಾನ್ಯ ಪದ್ಧತಿ. ಇಲ್ಲಿ ಹಾಗಾಗಲಿಲ್ಲವೆಂಬುದು ಗಮನಾರ್ಹ. ತಮ್ಮ ರೀತಿಯು ಅನುಭವಸ್ಥರಿಗೆ ರುಚಿಸಲಾರದೆಂಬದನ್ನು ಲೇಖಕರೇ ಊಹಿಸಿ, ಮುನ್ನುಡಿಯಲ್ಲಿ ಕ್ಷಮೆ ಕೇಳಿಕೊಂಡಿದ್ದರು. ಅವರ ಊಹೆಯು ಸುಳ್ಳಾಗಲಿಲ್ಲ. ರೋಮಿನ ಶಿಲ್ಪಿಗಳೂ ಗೌಂಡಿಗಳೂ ನಕ್ಕರು. ಮೈಕೆಲೇಂಜೆಲೋ ಗಣಿತವನ್ನು ಓದಿದವನಲ್ಲ, ಆದರೂ ಗುಮ್ಮಟವನ್ನು ಕಲ್ಪಿಸಿದನು. ಗಣಿತವಿಲ್ಲದೆ ಕಟ್ಟಿದ್ದನ್ನು ಗಣಿತವಿಲ್ಲದೆಯೇ ದುರಸ್ತಿ ಮಾಡಲೂಬಹುದು ಎಂದು ಒಬ್ಬನು ವಾದಿಸಿದನು. ಈ ಮಾತು ಚುರುಕಾಗಿದ್ದರೂ ಅದರಲ್ಲಿ ತಿರುಳು ಕಡಮೆ. ಗುಮ್ಮಟವು ಬಿರಿದದ್ದೂ ಗಣಿತವಿಲ್ಲದೆಯೇ. ಆದರೆ ಇನ್ನೊಂದು ಆಕ್ಷೇಪಣೆಯು ಹಾಗೆ ತಳ್ಳಿಹಾಕುವಂಥದಾಗಿರಲಿಲ್ಲ. ಕೊರತೆಯು ನಿಜವಾಗಿಯೂ ಲಕ್ಷಾಂತರ ಪೌಂಡುಗಳಷ್ಟಿದ್ದರೆ ಗುಮ್ಮಟವು ಒಂದು ನಿಮಿಷವೂ ನಿಲ್ಲಬಾರದಾಗಿದ್ದಿತು. ಅದಾದರೋ ನೂರೈವತ್ತು ವರ್ಷಗಳಿಂದ ನಿಂತಿದೆ! ಲೆಕ್ಕಕ್ಕೂ ಕಣ್ಣಿಗೂ ವಿರೋಧ ಬಂದಾಗ ಎಡವಿದ್ದು ಲೆಕ್ಕವೇ ಇರಬೇಕು. ಮೂವರು ಗಣಿತಜ್ಞರು 1743ರಲ್ಲಿ ಇನ್ನೊಂದು ಪುಸ್ತಿಕೆಯನ್ನು ಬರೆದು ಆಕ್ಷೇಪಣೆಗಳಿಗೆ ಸಮಾಧಾನ ಹೇಳಿದರು. ಸಂಶಯವು ತೀರಲಿಲ್ಲ.

ಪೋಪರ ಸ್ಥಿತಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಅವರು ಗಣಿತಜ್ಞರಲ್ಲ, ಶಿಲ್ಪಿಯೂ ಅಲ್ಲ. ಒಂದು ಕಡೆ ಮೂವರು ನಿಸ್ಪೃಹರಾದ ವಿದ್ವಾಂಸರು ಗುಮ್ಮಟವು ಅಪಾಯದಲ್ಲಿದೆಯೆನ್ನುತ್ತಾರೆ. ಮತ್ತೊಂದು ಕಡೆ ಜೀವಮಾನವೆಲ್ಲ ಕಲ್ಲುಗಾರೆಗಳೊಡನೆ ಕಳೆದವರು ಇದು ಪಂಡಿತರ ಭ್ರಮೆಯೆನ್ನುತ್ತಾರೆ. ಮೊದಲಿನವರನ್ನು ನಂಬಿ ಒತ್ತುಗಂಬಗಳ ಮೇಲೆ ಹೊಸ ಕಲ್ಲಿನ ರಾಶಿಯನ್ನು ಹೇರಿಸಿದರೆ, ಲೆಕ್ಕ ತಪ್ಪಿದ್ದ ಪಕ್ಷದಲ್ಲಿ ಹಣವೂ ಹೋಗಿ ಮೈಕೆಲೇಂಜೆಲೋ ಕಲ್ಪಿಸಿದ ರೂಪವೂ ಕೆಡುವದು. ಎರಡನೆಯವರನ್ನು ನಂಬಿ ಸುಮ್ಮನಿದ್ದರೆ, ಲೆಕ್ಕ ಸರಿಯಿದ್ದ ಪಕ್ಷದಲ್ಲಿ ಪ್ರಾಣಹಾನಿಯ ಪಾಪವು ಪೀಠಕ್ಕೆ ತಟ್ಟುವದು. ಇಂಥ ಸಮಯದಲ್ಲಿ ಅಧಿಕಾರಿಗಳು ಬಹುಮತವನ್ನು ಎಣಿಸುವದುಂಟು, ಇಲ್ಲವೆ ಹೆಚ್ಚು ಗಟ್ಟಿಯಾಗಿ ಕೂಗಿದವರ ಕಡೆಗೆ ವಾಲುವದುಂಟು. ಬೆನೆಡಿಕ್ಟ್ ಪೋಪರು ಎರಡನ್ನೂ ಮಾಡದೆ ರೋಮಿನ ಹೊರಗೆ ಕಣ್ಣು ಹಾಯಿಸಿದರು.

ವೆನಿಸ್ ಗಣರಾಜ್ಯಕ್ಕೆ ಸೇರಿದ ಪಾದುವಾ ವಿಶ್ವವಿದ್ಯಾಲಯದಲ್ಲಿ ಜೊವಾನ್ನಿ ಪೊಲೇನಿ ಎಂಬ ಪ್ರಾಧ್ಯಾಪಕನಿದ್ದನು. 1683ರಲ್ಲಿ ವೆನಿಸಿನಲ್ಲಿ ಜನಿಸಿದ ಈತನಿಗೆ ಅರವತ್ತು ಸಮೀಪಿಸಿದ್ದಿತು. ಜ್ಯೋತಿಶ್ಶಾಸ್ತ್ರ, ಭೌತಶಾಸ್ತ್ರ, ಗಣಿತ ಈ ಮೂರು ಪೀಠಗಳನ್ನೂ ಒಂದಾದ ಮೇಲೊಂದರಂತೆ ಅಲಂಕರಿಸಿದವನು. ತರುಣನಾಗಿದ್ದಾಗ, 1709ರಲ್ಲಿ, ಕೂಡುವ ಗುಣಿಸುವ ಯಂತ್ರವೊಂದನ್ನು ಕಟ್ಟಿಗೆಯಿಂದ ನಿರ್ಮಿಸಿದ್ದನು. ವಿಯೆನ್ನಾದ ಒಬ್ಬ ಕುಶಲಿಯು ಅದಕ್ಕಿಂತ ಮೇಲಾದುದನ್ನು ಮಾಡಿದನೆಂದು ಕೇಳಿ ತನ್ನದನ್ನು ತಾನೇ ನಾಶಪಡಿಸಿದನೆಂದು ಹೇಳುತ್ತಾರೆ. ನದಿ ಕಾಲುವೆಗಳ ಹರಿವನ್ನು ಕುರಿತು ಗ್ರಂಥ ಬರೆದು, ವೆನಿಸ್ ಸರಕಾರಕ್ಕೆ ನೀರಿನ ಕಾಮಗಾರಿಗಳಲ್ಲಿ ಸಲಹೆಗಾರನಾಗಿದ್ದನು. ಪುರಾತನ ರೋಮಿನ ನೀರ್ಗಾಲುವೆಗಳ ಬಗ್ಗೆ ಫ್ರಾಂಟಿನಸ್ ಬರೆದ ಗ್ರಂಥವನ್ನು ಸಂಪಾದಿಸಿದವನೂ, ವಾಸ್ತುಶಾಸ್ತ್ರಕಾರನಾದ ವಿಟ್ರೂವಿಯಸನ ಗ್ರಂಥವನ್ನು ಆಳವಾಗಿ ವಿಮರ್ಶಿಸಿದವನೂ ಆತನೇ. ಅಂದರೆ ಗಣಿತಪೀಠದ ಮೇಲೆ ಕುಳಿತಿದ್ದರೂ ಕೆಸರಿನಲ್ಲಿ ನಿಂತು ಒಡ್ಡು ಕಟ್ಟುವವರೊಡನೆ ಮಾತಾಡಿ ಗೊತ್ತಿದ್ದವನು. ಇದಕ್ಕೂ ಮಿಗಿಲಾಗಿ, ಅನ್ಯರಾಜ್ಯದ ಪ್ರಜೆಯಾದ ಆತನಿಗೆ ರೋಮಿನ ಶಿಲ್ಪಿಗಳ ಪಕ್ಷಪ್ರತಿಪಕ್ಷಗಳಲ್ಲಿ ಸಂಬಂಧವಿರಲಿಲ್ಲ. ಗುಮ್ಮಟವು ಗಟ್ಟಿಯೆಂದರೂ ಶಿಥಿಲವೆಂದರೂ ಆತನಿಗೆ ಅದರಿಂದ ಒಂದು ಗುತ್ತಿಗೆಯೂ ಬರುವಂತಿರಲಿಲ್ಲ. ಪೋಪರ ಆಯ್ಕೆಯಲ್ಲಿ ಇದೇ ಪ್ರಧಾನವಾದ ಅಂಶವೆಂದು ತೋರುತ್ತದೆ.

ಮೊದಲು ಮೂವರ ವರದಿಯನ್ನೂ ಇತರ ಕಾಗದಗಳನ್ನೂ ಪಾದುವಾಕ್ಕೆ ಕಳಿಸಿ ಪೊಲೇನಿಯ ಅಭಿಪ್ರಾಯವನ್ನು ಬರೆಯಿಸಿಕೊಳ್ಳಲಾಯಿತು. ಇಷ್ಟರಿಂದ ಪೋಪರು ತೃಪ್ತರಾಗಲಿಲ್ಲ. ಕಾಗದದ ಮೇಲಿನ ಗುಮ್ಮಟ ಬೇರೆ, ಕಲ್ಲಿನ ಗುಮ್ಮಟ ಬೇರೆ. ಸ್ವತಃ ಬಂದು ನೋಡಬೇಕೆಂದು ಆಹ್ವಾನಿಸಿದರು. 1743ರ ವಸಂತಋತುವಿನಲ್ಲಿ ಪೊಲೇನಿಯು ರೋಮಿಗೆ ಬಂದನು. ಎರಡು ಪದರುಗಳ ನಡುವಿನ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಆ ವಯಸ್ಸಿನಲ್ಲಿ ಹತ್ತಿಳಿದು, ವಾನ್‌ವಿತೆಲ್ಲಿಯು ಗುರುತಿಸಿದ್ದ ಬಿರುಕುಗಳನ್ನು ತಾನೇ ತಾಳೆನೋಡಿದನು. ಕಟ್ಟಿದ ಕಾಲದ ಆತುರ, ಗಾರೆ ಆರುವ ಮೊದಲೇ ಏರಿದ ಭಾರ, ಎಲ್ಲ ಕಡೆಗೂ ಒಂದೇ ಸಮನಾಗಿ ಇಳಿಯದ ಗೋಡೆ, ಭೂಕಂಪ, ಸಿಡಿಲು ಹೀಗೆ ಬಿರುಕುಗಳಿಗೆ ಅನೇಕ ಕಾರಣಗಳಿವೆಯೆಂದೂ, ಎಲ್ಲವನ್ನೂ ಒಂದೇ ಚಲನೆಗೆ ಗಂಟುಹಾಕಲಾಗದೆಂದೂ ಆತನಿಗೆ ಮನವರಿಕೆಯಾಯಿತು.

ಈ ಸ್ಥಳದಲ್ಲಿ ಪೊಲೇನಿಯ ಬುದ್ಧಿಯು ಹಿಡಿದ ದಾರಿಯು ಅತ್ಯಂತ ಮನೋಹರವಾದುದು. ಮೂವರು ಗಣಿತಜ್ಞರು ಗುಮ್ಮಟವು ಹೇಗೆ ಬೀಳುತ್ತಿದೆಯೆಂದು ಕೇಳಿದ್ದರು. ಪೊಲೇನಿಯು ಅದು ಹೇಗೆ ನಿಂತಿದೆಯೆಂದು ಕೇಳಿದನು. ಬಿರುಕುಗಳು ಬುಡದಿಂದ ನೆತ್ತಿಯ ಕಡೆಗೆ ಓಡಿ, ಗುಮ್ಮಟವನ್ನು ಕಿತ್ತಳೆಯ ಹಣ್ಣಿನಂತೆ ತೊಳೆತೊಳೆಯಾಗಿ ಸೀಳಿದ್ದವು. ಇರಲಿ, ಸೀಳಿಯೇ ಇದೆಯೆಂದು ಎಣಿಸೋಣವೆಂದು ಆತನು ಗುಮ್ಮಟವನ್ನು ಲೆಕ್ಕದಲ್ಲಿ 50 ತೊಳೆಗಳಾಗಿ ವಿಭಾಗಿಸಿದನು. ಎದುರುಬದುರಾದ ಎರಡು ತೊಳೆಗಳು ನೆತ್ತಿಯಲ್ಲಿ ಕೂಡಿದರೆ ಒಂದು ಕಮಾನು ಆಗುತ್ತದೆ. ಇಂಥ ಒಂದು ಕಮಾನು ನೆರೆಯವುಗಳ ಸಹಾಯವಿಲ್ಲದೆ ತಾನಾಗಿ ನಿಲ್ಲಬಲ್ಲುದಾದರೆ ಇಡೀ ಗುಮ್ಮಟವು ನಿಲ್ಲುವದರಲ್ಲಿ ಸಂದೇಹವೇನು?

ಕಮಾನು ನಿಲ್ಲುವದೋ ಇಲ್ಲವೋ ಎಂಬದನ್ನು ತಿಳಿಯಲು ಆತನು ಒಂದು ದಾರವನ್ನು ಉಪಯೋಗಿಸಿದನು. ಉತ್ಸವದ ದಿನ ಕಂಬದಿಂದ ಕಂಬಕ್ಕೆ ತೂಗುಬಿಟ್ಟ ಹೂಮಾಲೆಯನ್ನು ಎಲ್ಲರೂ ಕಂಡಿದ್ದಾರೆ. ಅದು ತನ್ನ ಭಾರಕ್ಕೆ ತಾನೇ ಒಂದು ಬಾಗನ್ನು ತಾಳುತ್ತದೆ. ಅದರ ಪ್ರತಿಯೊಂದು ಭಾಗವೂ ಎಳೆತದಲ್ಲಿರುತ್ತದೆ. ಅದೇ ಬಾಗನ್ನು ತಲೆಕೆಳಗುಮಾಡಿ ಕಲ್ಲಿನಲ್ಲಿ ಕಟ್ಟಿದರೆ ಎಳೆತವಿದ್ದಲ್ಲೆಲ್ಲ ಒತ್ತಡವೇ ಬಂದು ಕಮಾನು ನಿಲ್ಲುವದೆಂಬ ತತ್ತ್ವವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬವನು 1675ರಲ್ಲಿ, ಅಕ್ಷರಗಳನ್ನು ಅದಲುಬದಲು ಮಾಡಿದ ಒಗಟಿನ ರೂಪದಲ್ಲಿ, ಪ್ರಕಟಿಸಿದ್ದನು. ಪೊಲೇನಿಯು ತೊಳೆಗಳನ್ನು ತುಂಡುಗಳಾಗಿ ವಿಭಾಗಿಸಿ, ಒಂದೊಂದು ತುಂಡಿನ ಭಾರವನ್ನು ಗಣಿಸಿ, ಅವುಗಳ ಪ್ರಮಾಣಕ್ಕೆ ಸರಿಯಾಗಿ 32 ಗುಂಡುಗಳನ್ನು ದಾರದಲ್ಲಿ ಪೋಣಿಸಿದನು. ನೆತ್ತಿಯ ಹತ್ತಿರದ ಗುಂಡುಗಳನ್ನು ಆರಿಸುವಾಗ ದೀಪಗೋಪುರದ ಭಾರವನ್ನೂ ಮರೆಯಲಿಲ್ಲ. ಮಾಲೆಯು ತೂಗುಬಿದ್ದು ನಿಂತ ಬಾಗನ್ನು ಬರೆದುಕೊಂಡು, ಅದನ್ನು ಬೋರಲುಮಾಡಿ ಗುಮ್ಮಟದ ಸೀಳುನಕಾಶೆಯ ಮೇಲೆ ಇಟ್ಟನು. ಬುಡದಿಂದ ನೆತ್ತಿಯ ವರೆಗೆ ಎಲ್ಲಿಯೂ ಆ ರೇಖೆಯು ಗೋಡೆಯ ದಪ್ಪವನ್ನು ದಾಟಿ ಹೊರಬೀಳಲಿಲ್ಲ. ಭಾರವು ಕಲ್ಲಿನೊಳಗೇ ಇಳಿದು ಹೋಗಲು ದಾರಿಯಿದೆ. ಬಿರುಕುಗಳಿದ್ದರೂ ಗುಮ್ಮಟವು ಬೀಳಲಾರದು.

ಇಷ್ಟು ಸರಳವಾದ ಪ್ರಯೋಗದಿಂದ ಇಷ್ಟು ದೊಡ್ಡ ನಿರ್ಣಯವನ್ನು ಮಾಡಬಹುದೇ ಎಂಬ ಸಂಶಯವು ಓದುಗರಿಗೆ ಬಂದರೆ ಅದು ಸಹಜ. ಇದರ ಪೂರ್ಣವಾದ ಸಮರ್ಥನೆಯು ಇಪ್ಪತ್ತನೆಯ ಶತಮಾನದಲ್ಲಿ ದೊರೆಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಜಾಕ್ ಹೇಮನ್ ಎಂಬ ವಿದ್ವಾಂಸನು 1966ರ ಪ್ರಬಂಧದಲ್ಲಿ, ಕಲ್ಲಿನ ಕಟ್ಟಡದೊಳಗೆ ಭಾರವು ಇಳಿದುಹೋಗುವಂಥ ಒಂದೇ ಒಂದು ದಾರಿಯನ್ನು ತೋರಿಸಿಕೊಟ್ಟರೂ ಆ ಕಟ್ಟಡವು ಸುರಕ್ಷಿತವೆಂದು ಸಪ್ರಮಾಣವಾಗಿ ಸ್ಥಾಪಿಸಿದನು. ಪೊಲೇನಿಯ ಕೈಯಲ್ಲಿದ್ದುದು ಆ ಪ್ರಮಾಣವಲ್ಲ. ಕಟ್ಟಡದ ಸ್ವಭಾವವನ್ನು ಕುರಿತಾದ ಅಂತರ್ದೃಷ್ಟಿ. ಇಂದಿಗೂ ಹಳೆಯ ಗುಡಿಗೋಪುರಗಳ ಪರೀಕ್ಷೆಗೆ ಕುಳಿತ ಎಂಜಿನಿಯರರು ಆತನ ಗುಂಡಿನ ಮಾಲೆಯನ್ನು ನೆನೆಯುತ್ತಾರೆ.

ಗುಮ್ಮಟವು ಗಟ್ಟಿಯಾಗಿದೆಯೆಂದು ಹೇಳಿ ಪೊಲೇನಿಯು ಊರಿಗೆ ಹೊರಡಲಿಲ್ಲ. ಬೀಳದಿದ್ದರೂ ಬಿರುಕುಗಳು ಬೆಳೆಯಬಾರದಲ್ಲವೇ? ಅದಕ್ಕಾಗಿ ಹೊಸ ಬಳೆಗಳನ್ನು ತೊಡಿಸಬೇಕೆಂದು ಆತನೂ ಹೇಳಿದನು. ಇಲ್ಲಿ ವಿಚಾರ ಮಾಡತಕ್ಕ ಒಂದು ಸಂಗತಿಯಿದೆ. ಮೂವರು ಗಣಿತಜ್ಞರೂ ಬಳೆಗಳನ್ನೇ ಸೂಚಿಸಿದ್ದರು. ಕಾರಣದ ವಿಷಯದಲ್ಲಿ ಭಿನ್ನವಾದರೂ ಔಷಧದ ವಿಷಯದಲ್ಲಿ ಎರಡು ಪಕ್ಷಗಳೂ ಬಹುಮಟ್ಟಿಗೆ ಕೂಡಿದವು. ಹಾಗಾದರೆ ಎರಡನೆಯವನನ್ನು ಕರೆಯಿಸಿದ್ದರ ಲಾಭವೇನೆಂದು ಕೇಳಬಹುದು. ಗುಮ್ಮಟವು ಇಂದೋ ನಾಳೆಯೋ ಬೀಳುವದೆಂಬ ಭಯದಿಂದ ಮಾಡುವ ಕೆಲಸ ಬೇರೆ, ನಿಂತಿರುವದೆಂಬ ಧೈರ್ಯದಿಂದ ಮಾಡುವ ಕೆಲಸ ಬೇರೆ. ಅವಸರದಿಂದ ಕಲ್ಲಿನ ರಾಶಿ ಹೇರುವದು ತಪ್ಪಿತು. ಕಬ್ಬಿಣದ ಕಂಬಿಗಳನ್ನು ಯಂತ್ರದಿಂದ ಎಳೆದು, ಎಷ್ಟು ಭಾರಕ್ಕೆ ಹರಿಯುವವೆಂದು ಪರೀಕ್ಷಿಸಿ, ಬಳೆಯ ದಪ್ಪವನ್ನು ನಿಶ್ಚಯಿಸಲು ಬಿಡುವು ಸಿಕ್ಕಿತು. ಮೂವರು ಸಂನ್ಯಾಸಿಗಳ ಶ್ರಮವೂ ವ್ಯರ್ಥವಾಗಲಿಲ್ಲವೆನ್ನಬೇಕು. ಅವರು ಪ್ರಶ್ನೆಯನ್ನು ಗಣಿತದ ಭಾಷೆಯಲ್ಲಿ ಇಡದಿದ್ದರೆ ಪೊಲೇನಿಯು ಉತ್ತರ ಕೊಡಲು ಪಾದುವಾದಿಂದ ಬರುತ್ತಲೇ ಇರಲಿಲ್ಲ.

ಕೆಲಸವನ್ನು ನಡೆಯಿಸುವ ಭಾರವನ್ನು ಪೋಪರು ಪೊಲೇನಿಗೆ ವಹಿಸಲಿಲ್ಲ. ಸಲಹೆಯು ಅವನದು, ಕೈಗೆಲಸವು ವಾನ್‌ವಿತೆಲ್ಲಿಯದು. ಕಟ್ಟಡದ ಮೂಲೆಮೂಲೆಯನ್ನೂ ಬಲ್ಲ, ಅಲ್ಲಿಯ ಆಳುಗಳ ಹೆಸರುಗಳನ್ನು ತಿಳಿದ ಮನುಷ್ಯನನ್ನು ಬದಿಗೊತ್ತಿ ಪರಸ್ಥಳದ ಪಂಡಿತನಿಂದ ಕಂಬಿ ಬಿಗಿಸುವದು ವಿವೇಕವಾಗುತ್ತಿರಲಿಲ್ಲ. 1743 ಮತ್ತು 1744ರಲ್ಲಿ ಐದು ಬಳೆಗಳನ್ನು ತೊಡಿಸಲಾಯಿತು. ಒಂದು ದುಂಡುಗೋಡೆಯ ಪಾದದಲ್ಲಿ. ಉಳಿದವು ಹಂತಹಂತವಾಗಿ ಮೇಲಕ್ಕೆ, ಕೊನೆಯದು ದೀಪಗೋಪುರದ ಕೆಳಗೆ. ಇಷ್ಟು ದೊಡ್ಡ ಬಳೆಯನ್ನು ಇಡಿಯಾಗಿ ಎತ್ತುವದು ಅಸಾಧ್ಯವಾದುದರಿಂದ ಉದ್ದವಾದ ಕಂಬಿಗಳನ್ನು ಕಣ್ಣುಗಳಿಂದ ಒಂದಕ್ಕೊಂದು ಕೂಡಿಸಿ, ಸಂದುಗಳಲ್ಲಿ ಕಬ್ಬಿಣದ ಬೆಣೆಗಳನ್ನು ಬಡಿದು ಬಿಗಿಗೊಳಿಸಿದರು.

ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸಿದ ಮೇಲೆ ಒಂದು ಹೊಸ ಸಂಗತಿ ಹೊರಬಿದ್ದಿತು. 1590ರ ಸುಮಾರಿಗೆ ಗುಮ್ಮಟದ ಮೈಯಲ್ಲಿ ಹುದುಗಿಸಿದ್ದ ಎರಡು ಹಳೆಯ ಬಳೆಗಳಲ್ಲಿ ಒಂದು ತುಂಡಾಗಿರುವದು 1747ರಲ್ಲಿ ಕಂಡುಬಂದಿತು. ಎಂದು ತುಂಡಾಗಿದ್ದಿತೋ ದೇವರೇ ಬಲ್ಲ. ಎರಡೂ ಬಳೆಗಳು ಬಿಗಿಯಾಗಿವೆಯೆಂದು ಹಿಡಿದು ಲೆಕ್ಕಹಾಕಿದವರಿಗೆಲ್ಲ ಇದೊಂದು ಪಾಠ. ಕಣ್ಣಿಗೆ ಕಾಣದ ಕಬ್ಬಿಣವನ್ನು ನಂಬದೆ, ಬರಿಯ ಕಲ್ಲಿನ ದಪ್ಪದೊಳಗೇ ಭಾರದ ದಾರಿಯನ್ನು ಹುಡುಕಿದ ಪೊಲೇನಿಯ ನಿರ್ಣಯವಾದರೋ ಇದರಿಂದ ಅಲುಗಲಿಲ್ಲ. 1748ರಲ್ಲಿ ಆರನೆಯ ಬಳೆಯನ್ನು ತೊಡಿಸಲಾಯಿತು.

ಅದೇ ವರ್ಷ ಪೋಪರ ಇಚ್ಛೆಯಂತೆ ಪೊಲೇನಿಯು ಗುಮ್ಮಟದ ಇತಿಹಾಸವನ್ನೂ ದುರಸ್ತಿಯ ವೃತ್ತಾಂತವನ್ನೂ ಬರೆದು ಪಾದುವಾದಲ್ಲಿ ಮುದ್ರಿಸಿದನು. ಚಿತ್ರಪಟಗಳಿಂದ ಕೂಡಿದ ಆ ದೊಡ್ಡ ಗ್ರಂಥದಲ್ಲಿ ತನ್ನ ಮತವನ್ನು ಮಾತ್ರವೇ ಬರೆದುಕೊಂಡಿಲ್ಲ. ಮೂವರು ಗಣಿತಜ್ಞರ ವಾದವನ್ನೂ, ಅವರನ್ನು ಹಾಸ್ಯಮಾಡಿದವರ ವಾದವನ್ನೂ, ತನಗೆ ಪ್ರತಿಕೂಲವಾದ ಇತರ ಅಭಿಪ್ರಾಯಗಳನ್ನೂ ಕ್ರಮವಾಗಿ ಸಂಗ್ರಹಿಸಿ ಕೊಟ್ಟಿದ್ದಾನೆ. ಈ ಕಲಹದ ಕಥೆಯನ್ನು ಇಂದು ಇಷ್ಟು ವಿವರವಾಗಿ ಹೇಳಲು ಸಾಧ್ಯವಾದುದು ಅದರಿಂದಲೇ. ಬೋಸ್ಕೊವಿಚ್ಚರ ಕೀರ್ತಿಗೆ ಈ ಪ್ರಸಂಗದಿಂದ ಯಾವ ಕುಂದೂ ಬರಲಿಲ್ಲ. ವಾನ್‌ವಿತೆಲ್ಲಿಯು 1752ರಿಂದ ನೇಪಲ್ಸ್ ದೊರೆಗಾಗಿ ಕಸೇರ್ತಾದ ವಿಶಾಲವಾದ ಅರಮನೆಯನ್ನು ಕಟ್ಟಿಸಲು ತೊಡಗಿದನು. ಬೆನೆಡಿಕ್ಟ್ ಪೋಪರು 1758ರಲ್ಲಿಯೂ ಪೊಲೇನಿಯು 1761ರಲ್ಲಿಯೂ ದಿವಂಗತರಾದರು. ಗುಮ್ಮಟದ ಎರಡು ಪದರುಗಳ ನಡುವಿನ ಮೆಟ್ಟಿಲುಗಳನ್ನು ಇಂದಿಗೂ ಯಾತ್ರಿಕರು ಗೋಡೆಯ ವಾಲಿಗೆ ತಕ್ಕಂತೆ ಮೈಯನ್ನು ಓರೆಮಾಡಿಕೊಂಡು ಏರುತ್ತಾರೆ.